ಊಟಕ್ಕೆ ಕೂತವನಿಗೆ

ನನ್ನ ಗಂಡ ಕೀರ್ತಿಕುಮಾರನ ತಲೆಗೆ ನಾನು ಕುಟ್ಟಾಣಿಯಿಂದ ಬಡಿದದ್ದು ನಿಜ. ಎರಡು ಸಲ ಬಡಿದೆ. ಆದರೆ ಅವನು ಊಟಕ್ಕೆ ಕೂತಿದ್ದಾಗ ಬಡಿದೆ ಎಂದು ಕೊಡ್ಲಿಪೇಟೆಯ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರಲ್ಲ, ಅದು ಸುಳ್ಳು. ಆ ಸುಳ್ಳಿಗೆ ಕೈಕಾಲು ಕೊಟ್ಟವಳು ಮಾತ್ರ ನಾನೇ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ದಿವ್ಯಶ್ರೀ ಎಂಬ ನಾನು, ಬಡಿದ ದಿನವೇ ಬಂದ ಭಾನುವಾರದ ಪತ್ರಿಕೆಯ ಪುರವಣಿಯಲ್ಲಿ ಒಂದು ಲೇಖನ ಬರೆದಿದ್ದೆ.

ಲೇಖನ ಎರಡು ಸಿನಿಮಾಗಳ ಬಗ್ಗೆ. ಎರಡೂ ಒಂದೇ ಕಾದಂಬರಿಯಿಂದ ಬಂದವು. ಎಪ್ಪತ್ತು ವರ್ಷದ ಹಿಂದೆ ಭಾರಿ ಗಲಾಟೆ ಎಬ್ಬಿಸಿದ ಕಾದಂಬರಿ ಅದು. ಕಾಫಿತೋಟದ ಲೈನ್‌ಮನೆಯಲ್ಲಿರುವ ದೊಡ್ಡಿ ಎಂಬ ಹೆಂಗಸು ದಿನಾ ಗಂಡನ ಕೈಯಲ್ಲಿ ಏಟು ತಿನ್ನುತ್ತಾಳೆ. ಕೊನೆಯ ವಾಕ್ಯ ಹೀಗಿತ್ತು: ‘ಊಟಕ್ಕೆ ಕೂತವನಿಗೆ ದೊಡ್ಡಿ ಬಡಿದಳು.’ ಹೆಂಡತಿ ಗಂಡನಿಗೆ ಹೊಡೆದಳಲ್ಲ ಎಂದು ಜನ ಅಷ್ಟು ಕೆರಳಲಿಲ್ಲವಂತೆ. ಅನ್ನದ ಮುಂದೆ ಕೂತವನಿಗೆ, ಕೈಯಲ್ಲಿ ತುತ್ತು ಹಿಡಿದವನಿಗೆ ಹೊಡೆದಳಲ್ಲ, ಅದನ್ನು ತಡೆದುಕೊಳ್ಳಲು ಅವರಿಂದ ಆಗಲಿಲ್ಲ. ಪುಸ್ತಕ ಸುಟ್ಟರು, ಬರೆದವನ ಮನೆಯ ಹೆಂಚು ಒಡೆದರು. ಅವನು ಹೆದರಿ ಎರಡನೆಯ ಮುದ್ರಣದಲ್ಲಿ ಒಂದೇ ಒಂದು ಅಕ್ಷರ ಸೇರಿಸಿದ: ‘ಊಟಕ್ಕೆ ಕೂತವನಿಗೆ ದೊಡ್ಡಿ ಬಡಿಸಿದಳು.’ ಊರು ತಣ್ಣಗಾಯಿತು.

ಕಪ್ಪು ಬಿಳುಪಿನ ಹಳೆಯ ಸಿನಿಮಾ ಆ ಎರಡನೆಯ ಮುದ್ರಣದ್ದು. ಅದರಲ್ಲಿ ದೊಡ್ಡಿ ಊದಿದ ಕೆನ್ನೆ ಒರೆಸಿಕೊಂಡು ಅನ್ನ ಬಡಿಸುತ್ತಾಳೆ, ಹಿಂದಿನಿಂದ ಪಿಟೀಲು ಅಳುತ್ತದೆ, ನೋಡಿದವರೆಲ್ಲ ಎಂಥ ಸಹನೆ ಎಂದು ಮೂಗು ಸೀಟುತ್ತಾರೆ. ನಾಲ್ಕು ವರ್ಷದ ಹಿಂದೆ ಬಂದ ಹೊಸದು ಮೊದಲನೆಯ ಮುದ್ರಣವನ್ನು ಹುಡುಕಿ ತೆಗೆದು ಮಾಡಿದ್ದು. ಅದರಲ್ಲಿ ದೊಡ್ಡಿ ಒನಕೆ ಎತ್ತುತ್ತಾಳೆ, ನಿಧಾನಕ್ಕೆ ಎತ್ತುತ್ತಾಳೆ, ಒಂದು ಡೈಲಾಗು ಹೇಳುತ್ತಾಳೆ, ಆಮೇಲೆ ಮೊಸರನ್ನದ ಮೇಲೆ ರಕ್ತ ಬೀಳುತ್ತದೆ.

ಲೇಖನ ಬರೆಯಲು ಎರಡನ್ನೂ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಅತ್ತೆ ವಿಶಾಲಾಕ್ಷಮ್ಮ ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತ ಪಕ್ಕದಲ್ಲೇ ಕೂತಿದ್ದರು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಮದುವೆಯಾಗಿ ಹನ್ನೊಂದು ವರ್ಷ. ಕೀರ್ತಿಕುಮಾರ ಸಾರು ಸಪ್ಪೆ ಎಂದು ಹೊಡೆದಿದ್ದಾನೆ, ನಾನು ಫೋನಿನಲ್ಲಿ ನಕ್ಕೆ ಎಂದು ಹೊಡೆದಿದ್ದಾನೆ, ಶುಂಠಿಯ ರೇಟು ಬಿದ್ದಿತೆಂದೂ ಹೊಡೆದಿದ್ದಾನೆ. ನನ್ನ ಎಡಕಿವಿ ಅರ್ಧ ಕೇಳುವುದಿಲ್ಲ. ಅವನು ಕೈ ಎತ್ತಿದ ಕೂಡಲೇ ಅತ್ತೆ ಎದ್ದುಹೋಗಿ ಬೀದಿಬಾಗಿಲು ಹಾಕಿ ಬಂದು ತಮ್ಮ ಮೂಲೆಯಲ್ಲಿ ಕೂರುತ್ತಿದ್ದರು. ಬಿಡು ಎಂದು ಒಂದು ದಿನವೂ ಬಾಯಿ ಬಿಟ್ಟವರಲ್ಲ.

ಹಳೆಯ ಸಿನಿಮಾ ಮುಗಿದಾಗ ಅತ್ತೆ ಅಂದರು, “ಬಡ್ಸಿದ್ಲು, ಸರಿ. ಉಂಡು ಎದ್ಮೇಲೆ ಅವ್ನು ಏನ್ ಮಾಡ್ದ ಅಂತ ತೋರಿಸ್ಲೇ ಇಲ್ವಲ್ಲ.”

ಎಂ.ಎ. ಮಾಡಿದ ನನಗೆ ಈ ಮಾತು ಹೊಳೆದಿರಲಿಲ್ಲ. ಅದನ್ನು ನನ್ನದೇ ಎಂಬಂತೆ ಲೇಖನಕ್ಕೆ ಸೇರಿಸಿಕೊಂಡೆ. ಹೊಸ ಸಿನಿಮಾ ಮುಗಿದಾಗ ಅವರು ಕುಟ್ಟಾಣಿ ಎತ್ತಿಕೊಂಡರು. ಊಟಕ್ಕೆ ಕುಂತವರಿಗೆ ಹೊಡೆಯಬಾರದು ಎಂದಷ್ಟೇ ಹೇಳಿ ಎದ್ದುಹೋದರು. ಹಳೇ ಕಾಲದ ಮುದುಕಿ ಎಂದುಕೊಂಡೆ. ಲೇಖನದಲ್ಲಿ ಹಳೆಯ ದೊಡ್ಡಿಯನ್ನು ಚೆನ್ನಾಗಿ ಗೇಲಿ ಮಾಡಿದೆ. ಆ ಒಂದು ಅಕ್ಷರ ಹೇಡಿತನದ ಅಕ್ಷರ, ಬಡಿದಳು ಎಂಬುದೇ ಸತ್ಯ ಎಂದು ಬರೆದೆ. ಬರೆಯುವಾಗ ಬಹಳ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಭಾನುವಾರ ಬೆಳಿಗ್ಗೆ ಕೀರ್ತಿಕುಮಾರ ತನ್ನ ಶುಂಠಿ ಮಂಡಿಗೆ ಹೋದ. ಅಲ್ಲಿ ಆಟೋ ಓಡಿಸುವ ಚಂದ್ರು ಪುರವಣಿಯನ್ನು ಎಲ್ಲರಿಗೂ ಓದಿ ಹೇಳಿ, ಇವತ್ತು ಊಟಕ್ಕೆ ನೋಡಿಕೊಂಡು ಕೂತುಕೋ ಅಣ್ಣ ಎಂದನಂತೆ. ಕೂಲಿಯವರೂ ನಕ್ಕರಂತೆ. ಮಧ್ಯಾಹ್ನ ಅವನು ಮನೆಗೆ ಬಂದ ರೀತಿಯಲ್ಲೇ ನನಗೆ ಗೊತ್ತಾಯಿತು. ಮಣೆಯ ಮೇಲೆ ಕೂತ. ಅನ್ನ, ಸಾರು ಬಡಿಸಿದೆ. ಒಂದು ತುತ್ತು ಉಂಡು, ಮಡಚಿದ ಪೇಪರನ್ನು ನನ್ನ ಕಾಲ ಬಳಿ ಎಸೆದು, ಓದು ಎಂದ.

ಓದಿದೆ. ತಗ್ಗಿದ ದನಿಯಲ್ಲಿ ಓದಿ ಮುಗಿಸಬಹುದಿತ್ತು. ಆ ಪದ ಬಂದಾಗ ನನಗೇನಾಯಿತೋ, ‘ಬಡಿದಳು’ ಎಂದು ಬೇಕೆಂದೇ ಒತ್ತಿ ಓದಿದೆ. ಹನ್ನೊಂದು ವರ್ಷದಲ್ಲಿ ಅವನೆದುರು ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

ತಟ್ಟೆ ಬಂದು ಮುಖಕ್ಕೆ ಬಡಿಯಿತು. ಸಾರಿನ ಖಾರ ಕಣ್ಣಿಗೆ ಇಳಿದು ಏನೂ ಕಾಣದಾಯಿತು. ಪಕ್ಕೆಗೆ ಒದ್ದ, ಒಳಗೆ ಏನೋ ಲಟಕ್ಕೆಂದು ಮುರಿದದ್ದು ನನಗೇ ಕೇಳಿಸಿತು. ಜಡೆಯನ್ನು ಕೈಗೆ ಸುತ್ತಿಕೊಂಡು ಒರಳಿನ ಅಂಚಿಗೆ ನನ್ನ ಹಣೆಯನ್ನು ಅಪ್ಪಳಿಸಿದ. ಒಂದು, ಎರಡು, ಮೂರು. ಅಷ್ಟರಲ್ಲಿ ಬೀದಿಬಾಗಿಲು ಹಾಕಿದ ಸದ್ದು ಕೇಳಿತು. ಅತ್ತೆಯ ಕೆಲಸ ಅತ್ತೆ ಮಾಡಿದ್ದರು. ಆಮೇಲೆ ಅವನು ನನ್ನನ್ನು ಅಂಗಾತ ಕೆಡವಿ ಎದೆಯ ಮೇಲೆ ಕೂತು, ಎರಡು ಹೆಬ್ಬೆರಳನ್ನೂ ಗಂಟಲಿಗೆ ಒತ್ತಿದ. ಬಡೀತೀಯಾ, ಬಡೀತೀಯಾ ಎಂದು ಕೇಳುತ್ತಲೇ ಇದ್ದ. ಅವನ ಬೆವರು ನನ್ನ ತುಟಿಯ ಮೇಲೆ ಬೀಳುತ್ತಿತ್ತು.

ಸಾಯುವಾಗ ದೊಡ್ಡ ದೊಡ್ಡ ಯೋಚನೆ ಬರುತ್ತದೆ ಅನ್ನುತ್ತಾರೆ. ನನಗೆ ಸಿನಿಮಾದ ದೊಡ್ಡಿಯ ಡೈಲಾಗು ನೆನಪಾಗಿ ಸಿಟ್ಟು ಬಂತು. ಗಂಟಲು ಹಿಡಿದಿದ್ದರೆ ಯಾವಳು ಡೈಲಾಗು ಹೇಳುತ್ತಾಳೆ? ಕಾಲು ಬಡಿದುಕೊಳ್ಳುವುದೂ ನಿಂತಿತು. ಕೈ ನೆಲದ ಮೇಲೆ ತಡಕಾಡುತ್ತಿತ್ತು. ಅನ್ನ ಸಿಕ್ಕಿತು, ಮತ್ತೂ ಅನ್ನ ಸಿಕ್ಕಿತು, ಆಮೇಲೆ ಕಬ್ಬಿಣ ಸಿಕ್ಕಿತು. ಅತ್ತೆಯ ಕುಟ್ಟಾಣಿ. ಎಲ್ಲಿಂದ ಬಂತೆಂದು ಆಗ ಯಾರು ನೋಡುತ್ತಾರೆ?

ಮೊದಲ ಏಟು ಅವನ ಕಿವಿಯ ಮೇಲೆ ಬಿತ್ತು. ಹೆಬ್ಬೆರಳು ಇನ್ನೂ ಬಿಗಿಯಾಯಿತು. ಎರಡನೆಯದು ಕಣತಲೆಗೆ. ಹಲಸಿನಕಾಯಿ ನೆಲಕ್ಕೆ ಬಿದ್ದಂಥ ಸದ್ದು, ಅಷ್ಟೇ. ಪಿಟೀಲೂ ಇಲ್ಲ, ನಿಧಾನವೂ ಇಲ್ಲ. ಅವನ ರಕ್ತ ನನ್ನ ತೆರೆದ ಬಾಯಿಗೆ ಸುರಿಯಿತು. ಬಿಸಿಯಾಗಿತ್ತು, ಉಪ್ಪಾಗಿತ್ತು. ಅವನು ನನ್ನ ಮೇಲೇ ಕುಸಿದ. ತಳ್ಳಲು ನನ್ನಲ್ಲಿ ಶಕ್ತಿ ಇರಲಿಲ್ಲ. ಅತ್ತೆ ಬಂದು ಮಗನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು, ಎಳೆದು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಗೆ ಸೆರಗು ತುರುಕಿಕೊಂಡು ಅತ್ತರು.

ಬೀದಿಯಲ್ಲಿ ಆಟೋ ನಿಲ್ಲಿಸಿದ್ದ ಚಂದ್ರು ಗಲಾಟೆ ಕೇಳಿ, ಅಗುಳಿ ಹಾಕದೆ ಮುಚ್ಚಿದ್ದ ಬಾಗಿಲು ದೂಡಿಕೊಂಡು ಒಳಗೆ ಬಂದ. ಮಣೆ, ತಟ್ಟೆ, ಚೆಲ್ಲಿದ ಅನ್ನ, ಅನ್ನದ ಮೇಲೆ ರಕ್ತ, ನನ್ನ ಕೈಯಲ್ಲಿ ಕುಟ್ಟಾಣಿ. ಬೆಳಿಗ್ಗೆ ತಾನೇ ಓದಿ ಹೇಳಿದ್ದು ಕಣ್ಣೆದುರಿಗೇ ಬಿದ್ದಿತ್ತು. ಅವನಿಗೆ ಇನ್ನೇನು ಬೇಕು? ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು: ಮೇಡಂ ಬರೆದದ್ದನ್ನೇ ಮಾಡಿದರು.

ಅವನನ್ನು ಹಾಸನದ ಆಸ್ಪತ್ರೆಗೆ ಒಯ್ದರು. ಪ್ರಜ್ಞೆ ಬಂದಿರಲಿಲ್ಲ. ನನ್ನನ್ನು ತಾಲೂಕು ಆಸ್ಪತ್ರೆಯಲ್ಲಿ ಮಲಗಿಸಿ ಪಕ್ಕದಲ್ಲಿ ಒಬ್ಬಳು ಮಹಿಳಾ ಪೇದೆಯನ್ನು ಕೂರಿಸಿದರು. ಎರಡು ಪಕ್ಕೆಲುಬು ಮುರಿದಿತ್ತು. ಗಂಟಲಿನಿಂದ ಸದ್ದು ಹೊರಡುತ್ತಿರಲಿಲ್ಲ, ನನ್ನ ಹೇಳಿಕೆಯನ್ನು ಬರೆದೇ ಕೊಟ್ಟೆ. ಅವನ ತಮ್ಮ ಅನಿಲ್‌ಕುಮಾರ್ ದೂರು ಕೊಟ್ಟಿದ್ದ. ದೂರಿನ ಹಾಳೆಗೆ ನನ್ನ ಲೇಖನವನ್ನು ಕತ್ತರಿಸಿ ಪಿನ್ನು ಹಾಕಿದ್ದ. ಅಣ್ಣ ಉಣ್ಣುತ್ತಿದ್ದಾಗ ಅತ್ತಿಗೆ ಬಡಿದಿದ್ದಾರೆ, ಜೀವ ಉಳಿಸಿಕೊಳ್ಳಲು ಅಣ್ಣ ಆಮೇಲೆ ಕತ್ತು ಹಿಡಿದಿದ್ದಾನೆ, ಮೊದಲೇ ಯೋಚಿಸಿ ಪೇಪರಿನಲ್ಲಿ ಬರೆದಿಟ್ಟು ಮಾಡಿದ ಕೆಲಸ ಇದು ಎಂದು ಅವನ ವಾದ. ಪಾಠ ಹೇಳುವ ನನಗೇ ತಲೆ ತಿರುಗಿತು. ನನ್ನ ಬರಹವನ್ನು ಇಷ್ಟು ಗಮನ ಕೊಟ್ಟು ಓದಿದವರು ಮೊದಲು ಯಾರೂ ಇರಲಿಲ್ಲ.

ಮಂಗಳವಾರ ಸಬ್‌ಇನ್ಸ್‌ಪೆಕ್ಟರ್ ಬಂದರು. ಮುಚ್ಚುಮರೆ ಇಲ್ಲದ ಮನುಷ್ಯ. “ಕತ್ತು ಹಿಡಿದಿದ್ದು ಮೊದಲಾ, ಬಡಿದಿದ್ದು ಮೊದಲಾ, ಅಷ್ಟೇ ಮೇಡಂ ಪ್ರಶ್ನೆ. ನೋಡಿರೋರು ನಿಮ್ಮತ್ತೆ ಒಬ್ರೇ” ಎಂದರು. ಕೀರ್ತಿಕುಮಾರ ಸತ್ತರೆ ಕೊಲೆ ಕೇಸು ಎಂಬುದನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಎರಡು ಸಿನಿಮಾ ಮಾಡಿದವರಿಗೂ ದೊಡ್ಡಿಯ ಮನೆಯಲ್ಲಿ ಒಬ್ಬಳು ಅತ್ತೆ ಇರಬಹುದು ಎಂದು ತೋಚಿರಲಿಲ್ಲ. ನನ್ನ ಜೀವಮಾನ ಪೂರ್ತಿ ಈಗ ಆ ಅತ್ತೆಯ ಬಾಯಲ್ಲಿತ್ತು. ಭಾನುವಾರದಿಂದ ಅವರು ಯಾರ ಜೊತೆಗೂ ಒಂದು ಮಾತೂ ಆಡಿರಲಿಲ್ಲ. ನನಗೆ ಆಸೆಯೇ ಇರಲಿಲ್ಲ.

ಅನಿಲ್‌ಕುಮಾರ್ ತಾಯಿಯ ತೋಳು ಹಿಡಿದುಕೊಂಡೇ ವಾರ್ಡಿಗೆ ಕರೆತಂದ. ಅತ್ತೆ ನನ್ನ ಕಡೆ ನೋಡಲಿಲ್ಲ. ಸ್ಟೂಲಿನ ಮೇಲೆ ಕೂತು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು. ಅವರ ಎಡಗೈಯ ಎರಡು ಬೆರಳು ಮಡಚಲು ಬರುವುದಿಲ್ಲ. ಅಟ್ಟದಿಂದ ಬಿದ್ದದ್ದು ಎಂದು ಯಾವಾಗಲೂ ಹೇಳುತ್ತಿದ್ದರು. ತೀರಿಕೊಂಡ ಮಾವ ಮಲ್ಲಪ್ಪನವರ ಕೈ ಎಂಥದ್ದು ಎಂದು ಊರಿಗೆಲ್ಲ ಗೊತ್ತಿತ್ತು.

ಸಬ್‌ಇನ್ಸ್‌ಪೆಕ್ಟರ್ ಹಾಳೆ ಬಿಡಿಸಿ, ನಿಮ್ಮ ಮಗ ಊಟಕ್ಕೆ ಕೂತಿದ್ದರಾ ಎಂದು ಕೇಳಿದರು.

“ಕುಂತಿದ್ದ.”

ಅನಿಲ್‌ಕುಮಾರ್ ಉಸಿರು ಬಿಟ್ಟ.

“ಸೊಸೆ ಬಡಿದಾಗ್ಲೂ ಕೂತೇ ಇದ್ರಾ?”

“ಕುಂತೇ ಇದ್ದ, ಸ್ವಾಮಿ.”

ಅವರು ಬರೆದುಕೊಂಡರು. ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಅಂದುಕೊಂಡೆ. ಅಡುಗೆಮನೆಯ ನಕ್ಷೆ ಬರೆಯಬೇಕಿತ್ತೇನೋ, ಎಲ್ಲಿ ಕೂತಿದ್ದರು, ಮಣೆಯ ಮೇಲೋ, ಕುರ್ಚಿಯ ಮೇಲೋ ಎಂದು ಅವರು ಮತ್ತೆ ಕೇಳಿದರು.

“ಇವಳ ಎದೆ ಮೇಲೆ.”

ಅನಿಲ್‌ಕುಮಾರ್ ಅವ್ವಾ ಎಂದು ಗದರಿಸಿ ತೋಳು ಅದುಮಿದ. ಅತ್ತೆ ತೋಳು ಬಿಡಿಸಿಕೊಂಡರು. “ಎರಡು ಕೈಲೂ ಕತ್ತು ಅಮುಕ್ತಿದ್ದ. ಇವಳು ಕಾಲು ಬಡ್ಕೊಳ್ಳೋದು ನಿಂತೋಯ್ತು. ಆವಾಗ ನಾನೇ ಕುಟ್ಟಾಣಿನ ಇವಳ ಕೈ ಹತ್ರಕ್ಕೆ ದೂಡ್ದೆ.”

ಬರೆಯುತ್ತಿದ್ದ ಪೆನ್ನು ನಿಂತಿತು. ಇದನ್ನು ಬರೆದುಕೊಂಡರೆ ನಿಮ್ಮ ಹೆಸರೂ ಕೇಸಿಗೆ ಸೇರುತ್ತದಮ್ಮ ಎಂದು ಸಬ್‌ಇನ್ಸ್‌ಪೆಕ್ಟರ್ ಮೆಲ್ಲಗೆ ಹೇಳಿದರು.

“ಸೇರ್ಲಿ. ಸಾಯ್ಲಿ ಅಂತ ದೂಡ್ಲಿಲ್ಲ ಸ್ವಾಮಿ, ಬಿಡ್ಲಿ ಅಂತ ದೂಡ್ದೆ.”

ಹಾಳೆಯ ಮೇಲೆ ಅಂಕುಡೊಂಕಾಗಿ ಸಹಿ ಹಾಕಿದರು. ನನಗೆ ಅಳು ತಡೆಯಲಾಗಲಿಲ್ಲ. ಹನ್ನೊಂದು ವರ್ಷ ಶಾಪ ಹಾಕಿದ್ದು, ಅವರ ಮಾತನ್ನೇ ಕದ್ದು ಬರೆದು ಅವರನ್ನೇ ಹಳೇ ಮುದುಕಿ ಅಂದುಕೊಂಡದ್ದು, ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ದನಿ ಇರಲಿಲ್ಲವಲ್ಲ, ಕೈ ಚಾಚಿ ಅವರ ಕೈ ಹಿಡಿಯಲು ಹೋದೆ. ಅವರು ಹಿಂದಕ್ಕೆ ಎಳೆದುಕೊಂಡರು.

“ಮುಟ್ಬೇಡ ಕಣವ್ವ. ಅವ್ನು ನಾನು ಹೆತ್ತ ಮಗ. ಅವ್ನು ಹೋದ್ರೆ ನಿನ್ ಮುಖ ನಾನು ನೋಡಲ್ಲ.”

ಎದ್ದು ಸೆರಗು ಹೊದ್ದುಕೊಂಡು, ಹಾಸನದ ಬಸ್ಸು ಎಷ್ಟು ಹೊತ್ತಿಗೆ ಎಂದು ಬಾಗಿಲಲ್ಲಿದ್ದ ನರ್ಸನ್ನು ಕೇಳಿ, ಮಗನನ್ನು ನೋಡಿಕೊಳ್ಳಲು ಒಬ್ಬರೇ ಹೊರಟರು.