ಹದಿಮೂರು ತಿಂಗಳ ಹಿಂದಿನ ದಾರಿ

ರೈಲಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೆ. ಎದುರಿನ ಪರದೆಗಳು ಒಂದೊಂದಾಗಿ ಕಪ್ಪಾದವು. ಬ್ರಸೆಲ್ಸ್‌ನಿಂದ ಕಲೋನಿಗೆ ಹೊರಟಿದ್ದ ನಾನೂರು ಜನ ಜರ್ಮನಿಯ ಗಡಿ ದಾಟಿದ ಕೂಡಲೇ, ಆಖೆನ್ ನಿಲ್ದಾಣದಲ್ಲಿ ಸಿಕ್ಕಿಕೊಂಡರು.

ಮುಂದಿನ ಹಳಿಯಲ್ಲಿ ಗೂಡ್ಸ್ ಗಾಡಿಯೊಂದು ಕೆಟ್ಟು ನಿಂತಿತ್ತು. ಉತ್ತರಕ್ಕೆ ಸುತ್ತಿ ಹಳೆಯ ಹಳಿ ಹಿಡಿಯಬೇಕು. ನಮ್ಮಲ್ಲಿ ಚಾಲಕರು ಪ್ರತಿ ದಾರಿಗೂ ಸಹಿ ಹಾಕಬೇಕು, ಇದರ ತಿರುವು, ಇಳಿಜಾರು, ಸಿಗ್ನಲ್ ನನಗೆ ಗೊತ್ತು ಎಂದು. ಒಂದು ವರ್ಷ ಆ ದಾರಿಯಲ್ಲಿ ಓಡಿಸದಿದ್ದರೆ ಸಹಿ ಸತ್ತಂತೆ. ಕಾಲು ಮುರಿದುಕೊಂಡು ಮನೆಯಲ್ಲಿ ಬಿದ್ದಿದ್ದ ನಾನು ಆ ಹಳಿ ನೋಡಿ ಹದಿಮೂರು ತಿಂಗಳಾಗಿತ್ತು.

ಲಿಯೇಜ್‌ನಿಂದ ಮೇಲ್ವಿಚಾರಕ ತಿಬೋ ಫೋನ್ ಮಾಡಿದ.

"ಒಡೀಲ್, ವರ್ಷದ ಮೇಲೆ ಒಂದು ತಿಂಗಳಿಗೆಲ್ಲ ಹಳಿ ಎದ್ದು ಓಡ್ಹೋಗುತ್ತಾ?"

"ಸಿಗ್ನಲ್ ಓಡ್ಹೋಗುತ್ತೆ. ಸೇತುವೆ ದಾಟಿದ್ಮೇಲೆ ಎಡಕ್ಕೊಂದು ಇತ್ತು, ಮರದ ಮರೇಲಿ. ಈಗ ಎಲ್ಲಿದೆ ಹೇಳು."

"ಅದು ನಂಗೆ ಹೇಗ್ ಗೊತ್ತಾಗ್ಬೇಕು?"

"ನಂಗೂ ಗೊತ್ತಿಲ್ಲ. ದಾರಿ ಗೊತ್ತಿರೋ ಜರ್ಮನ್ ಚಾಲಕನ್ನ ಕಳ್ಸು."

"ಅವನು ಬರೋಕೆ ಎರಡು ಗಂಟೆ."

"ಕಾಯ್ತೀನಿ."

ಪ್ಲಾಟ್‌ಫಾರ್ಮಿನಿಂದ ಒಬ್ಬ ಮುದುಕ ಕೊಡೆಯ ತುದಿಯಿಂದ ನನ್ನ ಕಿಟಕಿ ಕುಟ್ಟಿದ. ಗಾಜು ಇಳಿಸಿದೆ.

"ಏನಮ್ಮ, ಓಡಿಸೋಕೆ ಬರಲ್ವಾ? ಇಳಿ, ನಾನ್ ಓಡಿಸ್ತೀನಿ."

"ಬನ್ನಿ ಅಜ್ಜ. ಇಲ್ಲಿ ಬ್ರೇಕ್ ಹಾಕಿದ್ರೆ ಒಂದೂವರೆ ಕಿಲೋಮೀಟರ್ ಆಚೆ ನಿಲ್ಲುತ್ತೆ. ಎಲ್ಲಿ ನಿಲ್ಲಬೇಕು ಅಂತ ಮೊದ್ಲೇ ಗೊತ್ತಿದ್ರೆ ಕೂತ್ಕೊಳ್ಳಿ."

ಅವನು ಕೊಡೆ ಕೆಳಗಿಳಿಸಿದ. "ನನ್ನ ಹೆಂಡ್ತಿ ಏಳನೇ ಬೋಗೀಲಿ ಕೂತಿದ್ದಾಳೆ," ಎಂದು ಯಾಕೋ ಹೇಳಿ, ಹಿಂದಕ್ಕೆ ನಡೆದ.

ಫೋನ್ ಮತ್ತೆ ಬಂತು. ತಿಬೋನ ದನಿ ಮೆತ್ತಗಾಗಿತ್ತು.

"ನೋಡು, ಮಾರ್ಚ್‌ನಲ್ಲಿ ನೀನು ಆ ದಾರೀಲಿ ಒಂದ್ಸಲ ಹೋಗಿದ್ದೆ ಅಂತ ದಾಖಲೆ ಹಾಕ್ತೀನಿ. ನಿನ್ನ ಟ್ಯಾಬ್ಲೆಟ್ ಮೇಲೆ ಬರುತ್ತೆ, ನೀನು ಒಪ್ಪಿಗೆ ಒತ್ತಿದ್ರೆ ಸಾಕು. ಯಾರು ಕೇಳ್ತಾರೆ?"

"ಮಾರ್ಚ್‌ನಲ್ಲಿ ನನ್ನ ಕಾಲು ಪ್ಲಾಸ್ಟರ್‌ನಲ್ಲಿತ್ತು. ಅದರ ಮೇಲೆ ನೀನೂ ಸಹಿ ಹಾಕಿದ್ದೆ, ಹಂದಿ ಚಿತ್ರ ಬರೆದು."

ಅವನು ನಗಲಿಲ್ಲ. "ಪ್ಯಾರಿಸ್ ಗಾಡಿ ಓಡಿಸೋ ಪಾಳಿ ಖಾಲಿಯಾಗ್ತಿದೆ, ಒಡೀಲ್. ಇವತ್ತು ಈ ಗಾಡಿ ಕಲೋನ್ ಮುಟ್ಟಿದ್ರೆ ಅದು ನಿಂದು."

ಆರು ವರ್ಷಗಳಿಂದ ಆ ಪಾಳಿಗೆ ಅರ್ಜಿ ಹಾಕುತ್ತಿದ್ದೆ. ಗಂಟೆಗೆ ಮುನ್ನೂರು ಕಿಲೋಮೀಟರ್. ಡಿಪೋದ ಗಂಡಸರು ಪ್ರತಿ ಸಲವೂ "ನಿನಗ್ಯಾಕಮ್ಮ ಆ ವೇಗ" ಎನ್ನುತ್ತಿದ್ದರು. ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಪರದೆ ಬೆಳಗಿತು. ಮಾರ್ಚ್ ಹದಿನಾಲ್ಕು, ನನ್ನ ಹೆಸರು, ಕೆಳಗೆ ಹಸಿರು ಗುಂಡಿ.

ಅದನ್ನು ಮಗುಚಿ ಸೀಟಿನ ಮೇಲಿಟ್ಟೆ.

"ಒತ್ತಿದ್ಯಾ?" ಎಂದ ತಿಬೋ.

"ಇಲ್ಲ. ಒತ್ತಲ್ಲ."