ಕೊನೆಯ ಮೆಟ್ಟಿಲಿನ ಬಕೆಟ್ಟು

“ತಲೆ ಎತ್ತಿ, ಕಾಲು ಇಳಿಸಿ... ಅಯ್ಯೋ, ಓರೆ ಮಾಡ್ರಪ್ಪಾ, ಗೋಡೆಗೆ ಉಜ್ತಿದೆ!”

ಮೆಟ್ಟಿಲಿನ ತಿರುವಿನಲ್ಲಿ ಅತ್ತೆಯ ಹೆಣವಿದ್ದ ಸ್ಟ್ರೆಚರು ಸಿಕ್ಕಿಕೊಂಡಿತು. ಅಲ್ಲೊಂದು ನೀಲಿ ಡ್ರಮ್ಮಿತ್ತು. ತಾರಸಿಯಲ್ಲಿ ಜಾಗ ಸಾಲದೆ ಅತ್ತೆ ಅದನ್ನು ಇಲ್ಲಿಗೆ ಇಳಿಸಿದ್ದರು. ಅದರಿಂದ ಎದ್ದ ಅವರೆ ಬಳ್ಳಿ ಕಂಬಿಯನ್ನೆಲ್ಲ ಸುತ್ತಿಕೊಂಡು ಕಿಟಕಿಯ ಬೆಳಕಿನ ಕಡೆ ಹೊರಟಿತ್ತು.

“ಮೊದ್ಲು ಡ್ರಮ್ಮು ಸರಿಸಿ,” ಎಂದ ಗಾಡಿಯ ಡ್ರೈವರು.

“ಮಣ್ಣು ತುಂಬಿದೆ ಸ್ವಾಮಿ, ಆನೆ ಬರ್ಬೇಕು.”

“ಬದುಕಿದ್ದಾಗ ಯಾರಿಗೂ ದಾರಿ ಬಿಡ್ಲಿಲ್ಲ, ಈಗ ತನಗೇ ಬಿಡ್ತಿಲ್ಲ ನೋಡಿ,” ಎಂದರು ಮೇಲ್ಮನೆಯ ಫ್ರೇಮಿನವರು. ಪಟಗಳಿಗೆ ಕಟ್ಟು ಹಾಕುವ ಕಸುಬು ಅವರದು. ತಾರಸಿಯ ಕೆಳಗೇ ಅವರ ಬಾಡಿಗೆ ಮನೆ. ಗೋಡೆಗೆ ಒರಗಿಸಿಟ್ಟ ಪಟಗಳ ಮೇಲೆ ವರ್ಷವಿಡೀ ಅತ್ತೆಯ ತೋಟದ ನೀರು ತೊಟ್ಟಿಕ್ಕುತ್ತಿತ್ತು.

ಯಾರೋ ಕಿಸಕ್ಕನೆ ನಕ್ಕರು. ಮಗ ತಲೆ ಎತ್ತಲಿಲ್ಲ. ಸೊಸೆ ಮುಂದೆ ಬಂದು ಬಳ್ಳಿಯನ್ನು ಕಂಬಿಯಿಂದ ಪರಪರ ಕಿತ್ತುಹಾಕಿದಳು. ಸ್ಟ್ರೆಚರು ಓರೆಯಾಗಿ ನುಸುಳಿತು.

“ಅಮ್ಮನ ಬಳ್ಳಿ ಅದು ಅತ್ತಿಗೆ!” ನಾದಿನಿ ಅಳುವಿನ ನಡುವೆಯೇ ಕಿಡಿಕಾರಿದಳು. “ಹೆಣ ಇನ್ನೂ ಬಾಗಿಲು ದಾಟಿಲ್ಲ.”

“ದಾಟ್ಲಿ ಅಂತಾನೇ ಕಿತ್ತಿದ್ದು.”

ಮಗ ಹಿಂತಿರುಗಿ ಹೆಂಡತಿಯನ್ನು ಕೇಳಿದ, “ತಾರಸಿ ಕೀಲಿಕೈ ಸಿಕ್ತಾ?”

“ಅದು ನಿಮ್ಮಮ್ಮನ ಆಸ್ತಿ. ನನ್ನನ್ನೇನು ಕೇಳ್ತೀರಿ?”

ಕೀಲಿಕೈ ಅವಳ ಸೊಂಟದಲ್ಲೇ, ಸೀರೆಯ ಮಡಿಕೆಯೊಳಗಿತ್ತು. ಬೆಳಗ್ಗೆ ಮೈ ಒರೆಸುವಾಗ ಅತ್ತೆಯ ಮುಷ್ಟಿಯಿಂದ ಒಂದೊಂದೇ ಬೆರಳು ಬಿಡಿಸಿ ತೆಗೆದದ್ದು. ಸತ್ತ ಕೈಗೂ ಅಷ್ಟು ಹಟ.

*

ಆಗ ಅವಳು ಮದುವೆಯಾಗಿ ಬಂದ ಹೊಸತು. ಒಳ್ಳೆಯವಳು ಅನ್ನಿಸಿಕೊಳ್ಳಬೇಕೆಂಬ ಆಸೆ. ಅತ್ತೆ ಏಳುವ ಮೊದಲೇ ತಾರಸಿಗೆ ಹೋಗಿ, ಕುಂಡಗಳಲ್ಲಿ ತಲೆಯೆತ್ತಿದ್ದ ಪುಟ್ಟ ಕೆಂಪು ಕಳೆಯನ್ನೆಲ್ಲ ಕಿತ್ತು, ಮಣ್ಣು ಸಮ ಮಾಡಿ, ಗುಡಿಸಿ, ಬೆವರು ಒರೆಸಿಕೊಂಡು ಕಾದು ನಿಂತಳು.

ಅತ್ತೆ ಬಂದರು. ಕಿತ್ತ ಗುಡ್ಡೆಯಿಂದ ಒಂದೆಳೆ ಎತ್ತಿ ಅವಳ ಮುಖದ ಮುಂದೆ ಹಿಡಿದರು.

“ಇದೇನು?”

“ಕಳೆ, ಅತ್ತೆ.”

“ದಂಟಿನ ಸಸಿ. ತಟ್ಟೆ ತುಂಬ ತಿನ್ನೋಕೆ ಬರುತ್ತೆ, ಗುರುತು ಹಿಡಿಯೋಕೆ ಬರಲ್ಲ.”

“ಗೊತ್ತಾಗ್ಲಿಲ್ಲ. ಒಂದ್ಸಲ ತೋರಿಸಿಕೊಟ್ರೆ...”

“ನಿನಗೆ ತೋರಿಸಿಕೊಡೋ ಹೊತ್ತಿಗೆ ನನ್ನ ತೋಟ ಬೋಳಾಗಿರುತ್ತೆ.”

ಮಾರನೆಯ ದಿನ ತಾರಸಿಯ ಬಾಗಿಲಿಗೆ ಬೀಗ ಬಿತ್ತು. ಅಲ್ಲಿಂದಾಚೆಗೆ ಸೊಸೆಯೂ ಆ ತೋಟದ ಒಂದೆಲೆ ಬಾಯಿಗಿಡಲಿಲ್ಲ. ಒಂದೇ ಅಡುಗೆಮನೆ, ಎರಡು ಪಾತ್ರೆ. ಒಂದರಲ್ಲಿ ತಾರಸಿಯ ತರಕಾರಿ, ಇನ್ನೊಂದರಲ್ಲಿ ಅವಳು ಮಾರ್ಕೆಟ್ಟಿನಿಂದ ತಂದದ್ದು. ಮಗ ಎರಡರಿಂದಲೂ ಬಡಿಸಿಕೊಂಡು, ಎರಡನ್ನೂ ಹೊಗಳದೆ, ಎದ್ದು ಕೈ ತೊಳೆಯುತ್ತಿದ್ದ.

ಅತ್ತೆಯ ಮಂಡಿ ಸೋತ ಮೇಲೆ ನೀರು ಹೊರುವ ಕೆಲಸ ಸೊಸೆಯ ಪಾಲಿಗೆ ಬಂತು. ಅಕ್ಕಿ ತೊಳೆದ ನೀರು, ಪಾತ್ರೆ ಜಾಲಿಸಿದ ನೀರು, ಎಲ್ಲವನ್ನೂ ಬಕೆಟ್ಟಿನಲ್ಲಿ ತಂದು ಕೊನೆಯ ಮೆಟ್ಟಿಲಿನ ಮೇಲಿಡಬೇಕು. ಇಟ್ಟು ಇಳಿಯಬೇಕು. ಅವಳ ಹೆಜ್ಜೆಯ ಸದ್ದು ಕೆಳಗೆ ತಲುಪಿದ ಮೇಲೆಯೇ ಒಳಗಿನ ಚಿಲಕ ಸರಿಯುತ್ತಿತ್ತು. ಆಮೇಲೆ ನೀರು ಸುರಿಯುವ ಸದ್ದು. ಫ್ರೇಮಿನವರು ತಮ್ಮ ಸೂರನ್ನು ಕೋಲಿನಿಂದ ಕುಟ್ಟುವ ಸದ್ದು. ಅದಕ್ಕೆ ಉತ್ತರವಾಗಿ ಅತ್ತೆ ಇನ್ನೊಂದು ಚೊಂಬು ಸುರಿಯುವ ಸದ್ದು.

*

ಎಲ್ಲ ಮುಗಿಸಿಕೊಂಡು ಬಂದಾಗ ಇಳಿಹೊತ್ತು. ಹೆಣ ಹೊತ್ತವರು ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಫ್ರೇಮಿನವರು ಸುತ್ತಿಗೆ ಹಿಡಿದು ಬಂದರು.

“ಬೇರೆ ಆಳು ಯಾಕೆ ಕರೀಬೇಕು? ಇವರು ಹೇಗೂ ಇದ್ದಾರೆ. ಬೀಗ ಒಡೆದ್ರೆ ಕತ್ತಲಾಗೋದ್ರೊಳಗೆ ತಾರಸಿ ಖಾಲಿ.”

“ಒಂದೇ ದಿನ ಎರಡು ಹೊರೆನಾ ಸ್ವಾಮಿ?” ಹೊತ್ತವರಲ್ಲೊಬ್ಬ ನಕ್ಕ. ಮೂಲೆಯ ಗೂಡಂಗಡಿಯವನು ಅವನು. “ಮೊದಲ್ನೇದೇ ಹಗುರ ಇತ್ತು ಬಿಡಿ.”

“ಒಡೀರಿ,” ಎಂದ ಮಗ. “ಇವಳೂ ಮೊದಲಿಂದ ಅದನ್ನೇ ಹೇಳ್ತಿದ್ಲು. ಬಟ್ಟೆ ಒಣಗಿಸೋಕೂ ಜಾಗ ಇಲ್ಲ ಅಂತ.”

ಸೊಸೆ ಬಕೆಟ್ಟಿನ ಮುಂದೆ ಕೂತು ಲೋಟ ತೊಳೆಯುತ್ತಿದ್ದಳು. ಇಲ್ಲವೆನ್ನಲಿಲ್ಲ.

“ಕುಂಬಳಕಾಯಿ ಮಾತ್ರ ನಂಗೆ,” ಎಂದಳು ನಾದಿನಿ. “ಹಳದಿ ಬಟ್ಟೆ ಕಟ್ಟಿರೋದು. ಅಮ್ಮ ಬೀಜಕ್ಕೆ ಅಂತ ಬಿಟ್ಟಿದ್ದು ಅದು.”

“ಹೋದ ಸಲ ಕೊಟ್ಟ ಬೀಜ ಏನ್ಮಾಡಿದೆ?” ಅಣ್ಣ ಕೇಳಿದ.

“ಹುರ್ಕೊಂಡು ತಿಂದ್ವಿ. ನಮ್ಮನೆಗೆ ಬಿಸಿಲೆಲ್ಲಿ ಬರುತ್ತೆ?”

“ನಂಗೂ ಕೊಟ್ಟಿದ್ರು,” ಎಂದ ಗೂಡಂಗಡಿಯವನು. “ಅಂಗಡಿ ಮೇಲೆಲ್ಲ ಹಬ್ಬಿದೆ.”

ಫ್ರೇಮಿನವರು ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಾಯಿಸಿದರು. “ನಂಗೂ ಕೊಟ್ಟಿತ್ತು ಮುದುಕಿ. ಬಾಯಿಗೆ ಬಂದಂಗೆ ಬೈದು, ಹೋಗೋವಾಗ ಕಾಗದದಲ್ಲಿ ಕಟ್ಟಿ ಬಾಗಿಲೊಳಗೆ ಎಸೆದು ಹೋಯ್ತು. ಬಾಲ್ಕನೀಲಿ ಹಾಕಿದೀನಿ.” ಆಮೇಲೆ ಸೊಸೆಯ ಕಡೆ ನೋಡಿದರು. “ನಿಮ್ಗಂತೂ ಕೊಟ್ಟೇ ಇರುತ್ತೆ ಬಿಡಮ್ಮಾ.”

ಲೋಟ ತೊಳೆಯುವ ಸದ್ದು ನಿಂತಿತು.

“ಎಲ್ಲಿ ಕೊಡ್ತಾಳೆ!” ನಾದಿನಿ ಮೂಗೊರೆಸಿಕೊಂಡಳು. “ಅವಳ ಕೈಗೆ ಬೀಜ ಕೊಡೋದೂ ಒಂದೇ, ಚರಂಡಿಗೆ ಹಾಕೋದೂ ಒಂದೇ ಅಂತಿದ್ಲು ಅಮ್ಮ.”

ಸೊಸೆ ಕೈ ಒರೆಸಿಕೊಂಡಳು. ಬಕೆಟ್ಟನ್ನು ಎತ್ತಿಕೊಂಡು, ಕೂತವರ ನಡುವೆ ದಾರಿ ಮಾಡಿಕೊಂಡು, ನೀರು ತುಳುಕಿಸುತ್ತ ಮೇಲೆ ಹತ್ತಿದಳು. ಕೊನೆಯ ಮೆಟ್ಟಿಲಿನ ಮೇಲೆ ಅದನ್ನಿಟ್ಟು ಸೊಂಟದಿಂದ ಕೀಲಿಕೈ ತೆಗೆದಳು.

“ನಿನ್ನತ್ರಾನೇ ಇತ್ತಾ?” ಗಂಡ ಬೆನ್ನಿಗೇ ಓಡಿ ಬಂದ.

ಅಷ್ಟರಲ್ಲಿ ಅವಳು ಬಕೆಟ್ಟಿನ ಸಮೇತ ಒಳಗೆ ಸೇರಿದ್ದಳು. ಚಿಲಕ ಬಿತ್ತು.

“ಬಾಗಿಲು ತೆಗೀರಿ ಅತ್ತಿಗೆ! ಕಾಯಿ ನಂದು!”

“ನಿನ್ಗೆ ಕೊಟ್ರೆ ಹುರಿದು ತಿಂತೀಯ. ಹೋಗು.”

“ಖಾಲಿ ಮಾಡ್ಸಿ ಅಂತ ಕುಣೀತಿದ್ದೋಳು ನೀನೇ ಅಲ್ವೇನೆ?” ಗಂಡ ಬಾಗಿಲು ಗುದ್ದಿದ.

“ಮಾಡ್ತೀನಿ. ನಂಗೆ ಬೇಕಾದಾಗ.”

“ಒಂದು ಹೋಯ್ತು ಅಂದ್ಕೊಂಡ್ರೆ ಇನ್ನೊಂದು ವಕ್ಕರಿಸ್ಕೊಳ್ತಲ್ಲಪ್ಪಾ,” ಎಂದು ಫ್ರೇಮಿನವರು ತಮ್ಮ ಮನೆಯ ಬಾಗಿಲನ್ನು ದಢಾರನೆ ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಉಳಿದವರ ಹೆಜ್ಜೆಗಳೂ ಕೆಳಗಿಳಿದವು.

ಅತ್ತೆ ಹಾಸಿಗೆ ಹಿಡಿದ ಮೇಲೆ ನೀರು ಕಾಣದ ಗಿಡಗಳು ಜೋತುಬಿದ್ದಿದ್ದವು. ಅರ್ಧಕ್ಕರ್ಧದ ಹೆಸರು ಅವಳಿಗೆ ಗೊತ್ತಿಲ್ಲ. ಮೂಲೆಯಲ್ಲಿ ಇಟ್ಟಿಗೆಯ ಮೇಲೆ ಕುಂಬಳಕಾಯಿ ಕೂತಿತ್ತು. ಅದರ ತೊಟ್ಟಿಗೆ ಕಟ್ಟಿದ್ದು ಅವಳದೇ ಹಳದಿ ದುಪಟ್ಟಾದ ಅಂಚು. ಕಿಟಕಿಗೆ ಕಟ್ಟಿದ ಹಗ್ಗದ ಮೇಲಿಂದ ದುಪಟ್ಟಾ ಕಾಣೆಯಾದಾಗ ಅವಳು ಕೇಳಿದ್ದಳು. ಗಾಳಿ ಬಂದಿತ್ತು ಎಂದಿದ್ದರು ಅತ್ತೆ.

ಗಂಟನ್ನು ಬಿಚ್ಚಲು ಕೈ ಹಾಕಿದಳು. ಬಿಗಿಯಾಗಿತ್ತು. ಇನ್ನಷ್ಟು ಬಿಗಿದಳು.

ಪಕ್ಕದ ಕುಂಡದಲ್ಲಿ ಪುಟ್ಟ ಕೆಂಪು ಎಲೆಗಳು ಎದ್ದಿದ್ದವು. ದಂಟೋ, ಕಳೆಯೋ. ಬಗ್ಗಿ ನೋಡಿದಳು. ಈಗಲೂ ಗೊತ್ತಾಗಲಿಲ್ಲ. ಬಕೆಟ್ಟನ್ನು ವಾಲಿಸಿ, ಎರಡಕ್ಕೂ ಇರಲಿ ಎಂಬಂತೆ, ಕುಂಡ ತುಂಬಿ ನೆಲಕ್ಕೆ ಹರಿಯುವಷ್ಟು ಸುರಿದಳು.

ಪಾದದಡಿಯಿಂದ ಕೋಲು ಕುಟ್ಟಿತು. ಟಕ್, ಟಕ್, ಟಕ್.

ಅವಳು ಬಕೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸದ್ದು ಬಂದ ಜಾಗಕ್ಕೇ ಸರಿಯಾಗಿ, ಉಳಿದದ್ದನ್ನು ನಿಧಾನವಾಗಿ ಸುರಿದಳು.