ಎಡಗಡೆಯ ಕೀಲು

ಆ ಕಾರಿಗೆ ನೀರು ಕುಡಿಸದೆ ಆ ಮನೆಯಲ್ಲಿ ಬೆಳಗಾಗುತ್ತಿರಲಿಲ್ಲ. ಅಪ್ಪ ಬಿಟ್ಟುಹೋದ ಹಳೇ ಕಾಲದ ಕಾರು, ರೇಡಿಯೇಟರ್ ಸೋರುತ್ತಿತ್ತು. ನೀರು ಹೊಯ್ಯಲು ಬಾನೆಟ್ ಎತ್ತಬೇಕು. ಎತ್ತುವುದೇನೋ ಸುಲಭ, ಮುಚ್ಚುವುದೇ ಪ್ರಾಣಸಂಕಟ. ಎಡಗಡೆಯ ಕೀಲು ತುಕ್ಕು ಹಿಡಿದು ಅರ್ಧದಲ್ಲೇ ಸೆಟೆದು ನಿಲ್ಲುತ್ತಿತ್ತು. ಒಬ್ಬರು ಬಾನೆಟ್ ಒತ್ತಬೇಕು, ಇನ್ನೊಬ್ಬರು ಆ ಕೀಲನ್ನು ಸ್ಕ್ರೂಡ್ರೈವರಿನಿಂದ ಒಳಕ್ಕೆ ತಳ್ಳಬೇಕು. ಬಲವಂತ ಮಾಡಿದರೆ ತಗಡೇ ಮಡಚಿಕೊಳ್ಳುತ್ತಿತ್ತು.

ಇನ್ನೊಬ್ಬರು ಎಂದರೆ ಅಕ್ಕ. ಮಹಡಿಯಲ್ಲಿ ಅವಳು, ಕೆಳಗೆ ಹೊಲಿಗೆ ಅಂಗಡಿ ಇಟ್ಟುಕೊಂಡ ತಂಗಿ. ಇಬ್ಬರಿಗೂ ಮಾತಿಲ್ಲ. ಅಮ್ಮನ ಹೊಲಿಗೆ ಮಿಷನ್ನನ್ನು ಅಕ್ಕ ಒಂದು ಮಾತೂ ಕೇಳದೆ ಪಕ್ಕದ ಮನೆಯವಳಿಗೆ ಕೊಟ್ಟುಬಿಟ್ಟಿದ್ದಳು. "ಹೊಲಿಯೋಳು ನಾನು, ಮಿಷನ್ನು ಊರವರಿಗಾ!" ಎಂದು ತಂಗಿ ಅಂದು ಕೂಗಾಡಿದ್ದೇ ಕೊನೆ, ವರ್ಷವಾಯಿತು. ಆಮೇಲೆ ಹಾರ್ನ್ ಮಾತ್ರ. ಹೊಲಿದ ಪರದೆಗಳನ್ನು ಗಿರಾಕಿಗಳ ಮನೆಗೆ ಮುಟ್ಟಿಸಲು ಹೊರಡುವಾಗ ತಂಗಿ ಎರಡು ಸಲ ಹಾರ್ನ್ ಹೊಡೆದರೆ, ಅಕ್ಕ ಚಪ್ಪಲಿ ಎಳೆಯುತ್ತ ಇಳಿದು ಬಂದು, ಕೀಲು ತಳ್ಳಿ, ಮುಖ ತಿರುಗಿಸಿಕೊಂಡು ಹತ್ತಿ ಹೋಗುತ್ತಿದ್ದಳು. ಲೈಬ್ರರಿಯಲ್ಲಿ ಕೆಲಸ ಮಾಡಿ ಮಾಡಿ ಅವಳಿಗೆ ಸುಮ್ಮನಿರುವುದು ರೂಢಿ. ತಂಗಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ದಿನ ಬೆಳಗಾದರೆ ಇವಳ ಹಂಗು!

ಆ ಹಂಗು ಹರಿದುಕೊಳ್ಳಲೆಂದೇ ಒಂದು ಭಾನುವಾರ ಹೊಸ ಕೀಲುಗಳನ್ನು ತಂದಳು.

"ಇಬ್ಬರು ಬೇಕಮ್ಮಾ, ಬಾನೆಟ್ಟು ಒಬ್ಬರ ಕೈಗೆ ಬಗ್ಗಲ್ಲ," ಎಂದಿದ್ದ ಮೆಕ್ಯಾನಿಕ್.

"ನಾನು ನೋಡ್ಕೋತೀನಿ ಬಿಡಿ."

ನೋಡಿಕೊಂಡದ್ದು ಹೀಗೆ: ಬಾನೆಟ್ಟನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಶೆಡ್ಡಿನ ತೊಲೆಗೆ ನೇತುಹಾಕಿ, ಕೆಳಗೆ ದಿಂಬು ಒಡ್ಡಿ, ಹಳೇ ಕೀಲು ಬಿಚ್ಚಿದಳು. ಬೆರಳಿನ ಚರ್ಮ ಸುಲಿಯಿತು. ಹೊಸದನ್ನು ಇಟ್ಟಳು. ಬಲಗಡೆ ಕೂತರೆ ಎಡಗಡೆ ಏಳುತ್ತದೆ, ಎಡಗಡೆ ಸರಿಮಾಡಿದರೆ ಇಡೀ ಬಾನೆಟ್ಟೇ ಮುಂದಕ್ಕೆ ಜಾರುತ್ತದೆ. ಬಟ್ಟೆಯಾಗಿದ್ದರೆ ಗುಂಡುಸೂಜಿ ಚುಚ್ಚಿ ನಿಲ್ಲಿಸಬಹುದಿತ್ತು, ಈ ದರಿದ್ರ ತಗಡಿಗೆ ಏನು ಚುಚ್ಚುವುದು? ಕೊನೆಗೆ ಹಗ್ಗವೂ ಸಡಿಲಿ ಬಾನೆಟ್ಟು ಅವಳ ತಲೆಯ ಮೇಲೇ ಕೂತಿತು. "ಹಾಳಾಗಿ ಹೋಗು! ಗುಜರಿಗೆ ಹಾಕ್ತೀನಿ ನಿನ್ನ!" ಎಂದು ಟೈರಿಗೆ ಒದ್ದಳು. ಟೈರಿಗೇನೂ ಆಗಲಿಲ್ಲ, ಕಾಲು ಉಳುಕಿತು. ಅಳುವೇ ಬಂತು.

ಬೇರೆ ದಾರಿ ಕಾಣದೆ, ಮೂಗು ಒರೆಸಿಕೊಂಡು ಎರಡು ಸಲ ಹಾರ್ನ್ ಹೊಡೆದಳು.

ಅಕ್ಕ ಬಂದಳು. ನೆಲದ ಮೇಲಿದ್ದ ಹಳೇ ಕೀಲನ್ನೊಮ್ಮೆ ನೋಡಿ, ಎಡಮೂಲೆ ಹಿಡಿದಳು. ಆದರೆ ಇದು ಬಾಯಿ ಮುಚ್ಚಿಕೊಂಡು ಆಗುವ ಕೆಲಸವಲ್ಲ.

"ಮೇಲೆ," ಎಂದಳು ತಂಗಿ, ಕಾರಿಗೆ ಹೇಳುವವಳ ಹಾಗೆ.

"ಎಷ್ಟು?" ಎಂದಳು ಅಕ್ಕ, ಅವಳೂ ಕಾರಿಗೇ.

"ಒಂದು ನೂಲಿನಷ್ಟು. ಅಯ್ಯೋ, ಅಷ್ಟಲ್ಲ! ಕೆಳಗೆ, ಕೆಳಗೆ!"

"ಸರಿಯಾಗಿ ಹೇಳಿದ್ರೆ ತಾನೆ?"

"ನೀನು ಕೇಳಿದ್ರೆ ತಾನೆ? ಮಿಷನ್ ಕೊಡೋವಾಗ್ಲೂ ಕೇಳ್ಲಿಲ್ಲ."

ಅಕ್ಕ ಎಡಮೂಲೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ನಿನ್ನ ಹತ್ರ ಬೇಕಾದಷ್ಟು ಇದ್ವಲ್ಲೇ. ಪಾಪ, ಅವಳಿಗೆ ಒಂದೂ ಇರ್ಲಿಲ್ಲ."

"ಕೇಳ್ಬಹುದಿತ್ತು."

"ಹೂಂ. ಕೇಳ್ಬಹುದಿತ್ತು. ಈಗ ಬೋಲ್ಟ್ ತಿರುಗಿಸು ಮಾರಾಯ್ತಿ, ಕೈ ಬಿದ್ದುಹೋಗ್ತಿದೆ."

ತಿರುಗಿಸಿದಳು. ಬಾನೆಟ್ಟು ಒಂದೇ ಬೆರಳಿಗೆ ಮೆತ್ತಗೆ ಇಳಿದು ಟಕ್ಕೆಂದು ಕೂತಿತು.

"ಇನ್ಮೇಲೆ ನಾನು ಬೇಕಾಗಿಲ್ಲ ಅಲ್ವಾ," ಎಂದು ಅಕ್ಕ ಕೈ ಒರೆಸಿಕೊಂಡು ಹತ್ತಿ ಹೋದಳು. ಗೆದ್ದವಳು ತಂಗಿಯೇ, ಆದರೂ ಅಂದು ಅವಳಿಗೆ ಊಟ ಸೇರಲಿಲ್ಲ.

ಮರುದಿನ ಬೆಳಗ್ಗೆ ನೀರು ಹೊಯ್ದಳು. ಕೈ ತಾನಾಗಿ ಹಾರ್ನಿನತ್ತ ಹೋಯಿತು, ಹಿಂದಕ್ಕೆಳೆದುಕೊಂಡಳು. ಯಾವ ಮುಖ ಇಟ್ಟುಕೊಂಡು ಹೊಡೆಯುವುದು? ಬಾನೆಟ್ ಮುಚ್ಚಲು ಮುಂದೆ ಬಂದರೆ ಎಡಗಡೆ ಅಕ್ಕ ನಿಂತಿದ್ದಾಳೆ! ಕೈಯಲ್ಲಿ ಅದೇ ಸ್ಕ್ರೂಡ್ರೈವರ್.

"ಈಗ ಹೊಡೀತೀಯ, ಆಗ ಹೊಡೀತೀಯ ಅಂತ ಮೆಟ್ಟಿಲ ಮೇಲೆ ಕೂತೂ ಕೂತೂ ಕಾಲು ಜೋಮು ಹಿಡೀತು," ಎಂದಳು.

ತಂಗಿ ಬಾನೆಟ್ಟಿನ ಮೇಲೆ ಕೈ ಇಟ್ಟಳು. "ಎಡಗಡೆ ಇನ್ನೂ ಹಿಡ್ಕೊಳ್ತಿದೆ," ಎಂದಳು. ಅಪ್ಪಟ ಸುಳ್ಳು.

ಅಕ್ಕ ಹೊಸ ಕೀಲಿಗೆ ಸ್ಕ್ರೂಡ್ರೈವರ್ ತಾಗಿಸಿದಳು. ತಳ್ಳಲು ಅಲ್ಲೇನೂ ಇರಲಿಲ್ಲ.

"ನಿನ್ನ ಕೈಯಲ್ಲಿ ಒಂದು ಕೆಲಸಾನೂ ನೆಟ್ಟಗಾಗಲ್ಲ ಕಣೇ," ಎಂದು ಬೈದು, "ಹೂಂ, ಒತ್ತು," ಎಂದಳು.